ಲೇಕ್ ಜಿನೀವಾದ ಅಂಚೆ ದೋಣಿ, ಶಿರಸಿ ಕಡೆಯ ಬೊಮ್ಮ

"ಜಿನೀವಾ ಅಂದ್ರೆ ಸ್ವಿಟ್ಜರ್ಲೆಂಡ್ ಅಲ್ವೇನೋ? ಅಮೆರಿಕಾಕ್ಕೆ ಅಂತ ಹೋದವನು ಅಲ್ಲಿಗ್ಯಾಕೆ ಹೋಗ್ತೀಯ?" ಅಂತ ಸಾಗರದಿಂದ ಅಮ್ಮ ಫೋನಿನಲ್ಲಿ ಕೇಳಿದಳು. ಅಲ್ಲಮ್ಮಾ, ಇದು ಅಮೆರಿಕಾದ್ದೇ, ವಿಸ್ಕಾನ್ಸಿನ್ ಅನ್ನೋ ರಾಜ್ಯದ ಒಂದು ಸಣ್ಣ ಊರು, ಊರಿನ ಹೆಸರು ಲೇಕ್ ಜಿನೀವಾ, ಕೆರೆಯ ಹೆಸರು ಜಿನೀವಾ ಲೇಕ್ ಅಂತ ಬಿಡಿಸಿ ಹೇಳಿದೆ. "ಎಂಥದ್ದೋ. ಸ್ವೆಟರ್ ಹಾಕ್ಕೊ" ಅಂದಳು. ಜುಲೈ ತಿಂಗಳು. ಅಲ್ಲಿ ಬಿಸಿಲು ಧಗಧಗ ಅಂತಿತ್ತು.

ಕಳೆದ ವರ್ಷ ಆಫೀಸಿನ ಕೆಲಸದ ಮೇಲೆ ಎರಡು ವಾರ ಷಿಕಾಗೋದಲ್ಲಿದ್ದೆ. ವಾರಾಂತ್ಯಕ್ಕೆ ನೇಪರ್‌ವಿಲ್‌ನಲ್ಲಿರುವ ದೊಡ್ಡಪ್ಪನ ಮಗನ ಮನೆ. ಅಣ್ಣ ನಯಾಗರಾಕ್ಕೆ ಪ್ಲಾನ್ ಹಾಕಿದ್ದ. ನಾನು ಬೇಡ, ಲೇಕ್ ಜಿನೀವಾಕ್ಕೆ ಹೋಗೋಣ ಅಂದೆ. ಕಾರಣ ಹೇಳಿದ ಮೇಲೆ ಅತ್ತಿಗೆ ನನ್ನ ಮುಖವನ್ನೇ ನೋಡಿದರು. "ಒಂದು ಆಟ ಹುಟ್ಟಿದ ಊರು ನೋಡೋಕೆ ನೂರಿಪ್ಪತ್ತು ಕಿಲೋಮೀಟರಾ? ಸರಿಯಪ್ಪ, ಚಿತ್ರಾನ್ನ ಕಟ್ಟಿಕೊಡ್ತೀನಿ, ನೀವಿಬ್ಬರೇ ಹೋಗಿ ಬನ್ನಿ."

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಕೇಳಿರದವರಿಗೆ ನಾನು ಯಾವಾಗಲೂ ತಾಳಮದ್ದಲೆಯ ಉದಾಹರಣೆ ಕೊಡ್ತೀನಿ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಒಬ್ಬೊಬ್ಬರದೂ ಒಂದೊಂದು ಪಾತ್ರ. ಆ ಪಾತ್ರ ಏನು ಹೇಳುತ್ತೆ, ಏನು ಮಾಡುತ್ತೆ ಅನ್ನೋದನ್ನ ಅವರೇ ಆ ಕ್ಷಣಕ್ಕೆ ಕಟ್ಟಬೇಕು. ನಡುವೆ ಭಾಗವತರ ಜಾಗದಲ್ಲಿ ಒಬ್ಬರು ಕೂತು ಕತೆ ನಡೆಸ್ತಾರೆ. ಅವರಿಗೆ ಡಂಜನ್ ಮಾಸ್ಟರ್ ಅಂತಾರೆ. ತಾಳಮದ್ದಲೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅಂದ್ರೆ, ಇಲ್ಲಿ ಕತೆಯ ಕೊನೆ ಯಾರಿಗೂ ಗೊತ್ತಿರಲ್ಲ. ಗೋಡೆ ಹಾರ್ತೀನಿ ಅಂದ್ರೆ ಹಾರಿದ್ಯಾ ಬಿದ್ದಿಯಾ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ.

ನಮ್ಮದು ಐದು ಜನರ ಗುಂಪು. ಬೆಂಗಳೂರಿನಲ್ಲಿ ಒಂದೇ ಆಫೀಸಿನಲ್ಲಿದ್ದವರು. ಮೊದಮೊದಲು ನನ್ನ ರೂಮಿನ ನೆಲದ ಮೇಲೆ ಬೆಡ್‌ಶೀಟ್ ಹಾಸಿ, ಚೌಕುಳಿ ಪುಸ್ತಕದ ಹಾಳೆಯಲ್ಲಿ ನಕ್ಷೆ ಬಿಡಿಸಿ ಆಡ್ತಿದ್ವಿ. ಆಮೇಲೆ ಎಲ್ಲರೂ ಚದುರಿದರು. ನಿಜವಾದ ಹೆಸರು ಹೇಳಿದರೆ ಬೈತಾರೆ, ಆಟದ ಹೆಸರಿನಲ್ಲೇ ಕರೀತೀನಿ. ಕಳ್ಳಿ ಕೆಂಚಿ ಮಂಗಳೂರಿಗೆ ವಾಪಸ್ ಹೋದಳು. ಮಂತ್ರವಾದಿ ಮಾಯಣ್ಣ ಹುಬ್ಬಳ್ಳಿಯಲ್ಲೇ ಮನೆಯಿಂದ ಕೆಲಸ ಮಾಡ್ತಾನೆ. ಗಾಯ ವಾಸಿ ಮಾಡೋ ಗುರುಪಾದಸ್ವಾಮಿ (ಇವಳು ಹುಡುಗಿ, ಪಾತ್ರ ಮಾತ್ರ ಗಡ್ಡದ ಸ್ವಾಮಿ) ಮ್ಯೂನಿಕ್‌ನಲ್ಲಿದಾಳೆ. ಕತ್ತಿ ಹಿಡಿಯೋ ಬೊಮ್ಮ ಶಿರಸಿ ಕಡೆಯವನು. ಅವನ ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ಕೆಲಸ ಬಿಟ್ಟು ಊರಿಗೆ ಹೋದ. ಅಡಿಕೆ ತೋಟ, ಎರಡು ಹಸು, ಹಾಸಿಗೆ ಹಿಡಿದ ಅಪ್ಪ. ಕತೆ ನಡೆಸೋನು ನಾನು.

ಚದುರಿದ ಮೇಲೆಯೇ ನಾವು ಆನ್‌ಲೈನ್‌ಗೆ ಬಂದಿದ್ದು. ರೋಲ್20 ಅಂತ ಒಂದು ತಾಣ ಇದೆ, 2012ರಿಂದ ಇದೆ. ಬ್ರೌಸರ್‌ನಲ್ಲೇ ಎಲ್ಲರಿಗೂ ಒಂದೇ ಟೇಬಲ್ ಕಾಣುತ್ತೆ. ನಕ್ಷೆಯ ಮೇಲೆ ಚೌಕಗಳು, ಚೌಕದ ಮೇಲೆ ಒಬ್ಬೊಬ್ಬರ ಬಿಲ್ಲೆ, ಇನ್ನೂ ನೋಡಿರದ ಕೋಣೆಗಳ ಮೇಲೆ ಕಪ್ಪು ಮುಸುಕು. ಅವರು ಬಾಗಿಲು ತೆಗೆದ ಹಾಗೆ ನಾನು ಮುಸುಕು ಸರಿಸ್ತಾ ಹೋಗ್ತೀನಿ. ದಾಳಗಳು ಅಲ್ಲೇ ಉರುಳುತ್ತವೆ, ಎಲ್ಲರ ಕಣ್ಣೆದುರು, ಮೋಸಕ್ಕೆ ಜಾಗ ಇಲ್ಲ. ಮಾತಿಗೆ ಡಿಸ್ಕಾರ್ಡ್. ಪಾತ್ರಗಳ ಲೆಕ್ಕ ಗೂಗಲ್ ಶೀಟ್‌ನಲ್ಲಿ. ನಿಯಮದ ಪುಸ್ತಕಕ್ಕೂ ದುಡ್ಡು ಕೊಡಬೇಕಿಲ್ಲ. ಮೂಲ ನಿಯಮಗಳನ್ನ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ನಾವು ಇಲ್ಲಿಯವರೆಗೆ ಖರ್ಚು ಮಾಡಿದ್ದು ಸೊನ್ನೆ ರೂಪಾಯಿ. ಫೋನಿನಲ್ಲಿ ಆಡ್ತೀನಿ ಅನ್ನೋರಿಗೆ ಒಂದು ಮಾತು: ಮಾತಾಡೋಕೆ, ದಾಳ ಉರುಳಿಸೋಕೆ ಫೋನ್ ಸಾಕು, ಆದರೆ ನಕ್ಷೆ ಆ ಸಣ್ಣ ಸ್ಕ್ರೀನಿನಲ್ಲಿ ಕಣ್ಣು ಕಿತ್ತು ಬರುತ್ತೆ. ನಾನು ನಕ್ಷೆಯ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿಬಿಡ್ತೀನಿ.

ನಿಜವಾದ ತಲೆನೋವು ತಂತ್ರಜ್ಞಾನ ಅಲ್ಲ, ಸಮಯ ಹೊಂದಿಸೋದು. ಶನಿವಾರ ರಾತ್ರಿ ಒಂಬತ್ತಕ್ಕೆ ಅಂತ ಇಟ್ಟುಕೊಂಡರೆ ಮ್ಯೂನಿಕ್‌ನಲ್ಲಿ ಬೇಸಿಗೆಯಲ್ಲಿ ಸಂಜೆ ಐದೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಅವರು ಗಡಿಯಾರ ಬದಲಾಯಿಸೋ ವಾರ ಸ್ವಾಮಿಗಳು ಪ್ರತಿಸಲ ಒಂದು ಗಂಟೆ ತಡ, ಇಲ್ಲಾ ಒಂದು ಗಂಟೆ ಮುಂಚೆ.

ನಮ್ಮ ಕತೆ ನಡೆಯೋದು ಯುರೋಪಿನ ಕೋಟೆಯಲ್ಲಲ್ಲ. ತೀರ್ಥಹಳ್ಳಿ ಹತ್ತಿರದ ಕವಲೇದುರ್ಗ ನೋಡಿದವರಿಗೆ ಗೊತ್ತು, ಮಳೆಗಾಲದಲ್ಲಿ ಅಲ್ಲಿ ಹತ್ತಡಿ ಮುಂದೆ ಏನಿದೆ ಕಾಣಲ್ಲ. ಅಂಥದ್ದೇ ಒಂದು ಕೋಟೆ, ಮೆಣಸಿನ ಗಾಡಿಗಳು ಹೋಗೋ ಘಟ್ಟದ ದಾರಿ, ಸುಂಕದ ಕಟ್ಟೆ, ಇಂಬಳ. ಮೂರು ವರ್ಷದಿಂದ ನಡೀತಾ ಇದೆ. ಮೊದಲ ವರ್ಷ ಅವರಿಗೆಲ್ಲ ದೆವ್ವಕ್ಕಿಂತ ಇಂಬಳದ ಮೇಲೇ ಸಿಟ್ಟಿತ್ತು.

ಅದು ನಿಂತುಹೋಗಿದ್ದು ಜೂನ್ ಮೊದಲ ಶನಿವಾರ.

ಅವತ್ತು ದೊಡ್ಡ ಕಾಳಗ. ಮೂರು ತಿಂಗಳಿಂದ ಕಾಯ್ತಿದ್ದ ಕೋಟೆಯ ಒಳಬಾಗಿಲು. ಬೊಮ್ಮನ ಸರದಿ ಬಂತು, ಅವನ ದನಿ ಇಲ್ಲ. ಡಿಸ್ಕಾರ್ಡ್‌ನಲ್ಲಿ ಅವನ ಹೆಸರು ಇದೆ, ಮಾತಿಲ್ಲ. ಆಮೇಲೆ ಹೆಸರೂ ಹೋಯಿತು. ಮಲೆನಾಡಿನಲ್ಲಿ ಮಳೆ ಶುರುವಾಗಿತ್ತು. ಕರೆಂಟ್ ಹೋಯ್ತು, ವೈಫೈ ಹೋಯ್ತು, ಇನ್ನೇನು ಅಂದುಕೊಂಡೆ. ಅದೇನು ಹೊಸದಲ್ಲ, ತಿಂಗಳಲ್ಲಿ ಎರಡು ಸಲ ಹಾಗಾಗ್ತಿತ್ತು. "ಲೇ, ಎಷ್ಟೊತ್ತ ಕಾಯೂದು?" ಅಂದ ಮಾಯಣ್ಣ. ಸ್ವಾಮಿಗಳಿಗೆ ಎಲ್ಲಿಗೋ ಹೋಗೋದಿತ್ತು. ನನಗೂ ಆ ವಾರ ಆಫೀಸಿನಲ್ಲಿ ಸಾಕುಸಾಕಾಗಿತ್ತು. ಐದು ನಿಮಿಷ ಕಾದೆ. "ಬೊಮ್ಮ ಬಾಗಿಲಿಗೆ ಅಡ್ಡ ನಿಲ್ತಾನೆ, ನೀವು ಒಳಗೆ ಓಡಿ" ಅಂತ ನಾನೇ ಅವನ ಬಿಲ್ಲೆಯನ್ನ ಎಳೆದು ಬಾಗಿಲಲ್ಲಿ ನಿಲ್ಲಿಸಿದೆ. ಕತೆಗೆ ಅದು ಚೆನ್ನಾಗಿತ್ತು ಕೂಡ, ಸುಳ್ಳು ಹೇಳಲ್ಲ. ಶತ್ರುಗಳು ಮುಗಿಬಿದ್ದರು. ಬೊಮ್ಮ ನೆಲಕ್ಕೆ ಬಿದ್ದ.

ಈ ಆಟದಲ್ಲಿ ಬಿದ್ದವನು ಸಾಯೋ ಮುಂಚೆ ದಾಳ ಉರುಳಿಸೋ ಅವಕಾಶ ಇದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮೂರು ಸಲ ಬಿದ್ದರೆ ಪ್ರಾಣ ನಿಲ್ಲುತ್ತೆ, ಕಡಿಮೆ ಮೂರು ಸಲ ಬಿದ್ದರೆ ಮುಗೀತು. ಆ ದಾಳವನ್ನ ಆಟಗಾರ ತಾನೇ ಉರುಳಿಸಬೇಕು. ಅದೊಂದನ್ನ ಇನ್ನೊಬ್ಬರು ಮುಟ್ಟಲ್ಲ. ಅವತ್ತು ನಾನು ಉರುಳಿಸಿದೆ. 4. 9. 2.

ಇಪ್ಪತ್ತು ನಿಮಿಷ ಕಳೆದು ಬೊಮ್ಮ ವಾಪಸ್ ಬಂದ. ಅವನ ಬಿಲ್ಲೆಯ ಮೇಲೆ ದೊಡ್ಡ ಕೆಂಪು ಇಂಟು ಗುರುತು. ಯಾರೂ ಮಾತಾಡಲಿಲ್ಲ. "ಅಡ್ಡಿಲ್ಲೆ" ಅಂತ ಟೈಪ್ ಮಾಡಿದ. ಹೊರಗೆ ಹೋದ.

ಮಾರನೇ ದಿನ ಕೆಂಚಿ ಫೋನ್ ಮಾಡಿದಳು. "ಎಂಥ ಮಾರಾಯ ನೀನು. ಕರೆಂಟ್ ಹೋದದ್ದಲ್ಲ ಅದು. ಅವನ ಅಪ್ಪ ಮಂಚದಿಂದ ಬಿದ್ದಿದ್ರಂತೆ. ಎತ್ತಿ ಮಲಗಿಸಿ ಬಂದದ್ದು ಅವನು. ಒಂದು ಫೋನಾದ್ರೂ ಮಾಡಬಹುದಿತ್ತಲ್ಲ ನೀನು?"

ಮಾಡಬಹುದಿತ್ತು. ಆಮೇಲೂ ಮಾಡಬಹುದಿತ್ತು. ಮಾಡಲಿಲ್ಲ. ಏನು ಹೇಳೋದು ಅಂತ ಯೋಚಿಸ್ತಾ ಒಂದು ವಾರ ಆಯ್ತು, ಒಂದು ವಾರ ಆದ ಮೇಲೆ ಏನು ಹೇಳೋದು ಅಂತ ಇನ್ನೊಂದು ವಾರ. "ಹೆಂಗಿದೀಯ" ಅಂತ ಎರಡು ಸಲ ಟೈಪ್ ಮಾಡಿ ಅಳಿಸಿದೆ. ಶನಿವಾರಗಳು ಖಾಲಿ ಹೋದವು. ಹಾಗಿರುವಾಗ ಷಿಕಾಗೋ.

ದಾರಿ ಉದ್ದಕ್ಕೂ ಜೋಳದ ಹೊಲ. ಅಣ್ಣ ಡ್ರೈವ್ ಮಾಡ್ತಾ ಷಿಕಾಗೋದ ಶ್ರೀಮಂತರ ಕತೆ ಹೇಳಿದ. 1871ರಲ್ಲಿ ಷಿಕಾಗೋಕ್ಕೆ ಬೆಂಕಿ ಬಿದ್ದ ಮೇಲೆ ಅಲ್ಲಿನ ದುಡ್ಡಿದ್ದವರೆಲ್ಲ ಈ ಕೆರೆಯ ದಂಡೆಗೆ ಬಂದು ಬಂಗಲೆ ಕಟ್ಟಿಕೊಂಡರಂತೆ. ಚೂಯಿಂಗ್ ಗಮ್ಮಿನ ರಿಗ್ಲಿ ಮನೆತನದವರ ಬಂಗಲೆಗಳೂ ಇಲ್ಲೇ. ಊರಿಗೆ ಕಾಲಿಟ್ಟಾಗ ಒಂಬತ್ತು ದಾಟಿತ್ತು. ಐಸ್‌ಕ್ರೀಂ ಅಂಗಡಿ, ಟೋಪಿ ಅಂಗಡಿ, ಚಡ್ಡಿ ಹಾಕಿದ ಪ್ರವಾಸಿಗರು. ಡ್ರ್ಯಾಗನ್ ಎಲ್ಲೂ ಕಾಣಲಿಲ್ಲ. "ಇದೇನಾ ನಿನ್ನ ಕಾಶಿ?" ಅಂದ ಅಣ್ಣ.

ಹುಡುಕಬೇಕು. ಬ್ರಾಡ್ ಸ್ಟ್ರೀಟ್‌ನಲ್ಲಿ ಹಾರ್ಟಿಕಲ್ಚರಲ್ ಹಾಲ್ ಅಂತ ಒಂದು ಹಳೇ ಕಟ್ಟಡ. 1968ರ ಆಗಸ್ಟ್‌ನಲ್ಲಿ ಗ್ಯಾರಿ ಗೈಗ್ಯಾಕ್ಸ್ ಅನ್ನೋ ಈ ಊರಿನ ಮನುಷ್ಯ 50 ಡಾಲರ್ ಬಾಡಿಗೆ ಕೊಟ್ಟು ಇದನ್ನ ಒಂದು ದಿನಕ್ಕೆ ಹಿಡಿದು, ಯುದ್ಧದ ಆಟ ಆಡೋ ಹುಚ್ಚರನ್ನ ಸೇರಿಸಿದ. ಅದೇ ಜೆನ್ ಕಾನ್ ಸಮಾವೇಶದ ಶುರು. ಆ ಜೆನ್ ಅಂದ್ರೆ ಇದೇ ಜಿನೀವಾ. ಈಗ ಆ ಸಮಾವೇಶ ಇಂಡಿಯಾನಪೊಲಿಸ್‌ಗೆ ಹೋಗಿದೆ, ಸಾವಿರಾರು ಜನ ಸೇರ್ತಾರೆ. ಹಾಲ್‌ನಲ್ಲಿ ಈಗ ಮದುವೆ ಮಾಡ್ತಾರೆ. ಒಳಗೆ ಹೋಗೋಕೆ ಆಗಲಿಲ್ಲ, ಕಿಟಕಿಯಿಂದ ಇಣುಕಿದರೆ ಮಡಚಿಟ್ಟ ಕುರ್ಚಿಗಳು ಕಂಡವು. ನಮ್ಮ ಕಲ್ಯಾಣ ಮಂಟಪಗಳಲ್ಲಿ ಆಷಾಢದಲ್ಲಿ ಕಾಣುತ್ತಲ್ಲ, ಹಾಗೇ.

ಅಲ್ಲಿಂದ ಸೆಂಟರ್ ಸ್ಟ್ರೀಟ್‌ಗೆ ನಡೆದೆವು. ಗೈಗ್ಯಾಕ್ಸ್ ಆಗ ಇದ್ದ ಮನೆ ಇದೇ ಬೀದಿಯಲ್ಲಿದೆ. ಅವನು ಇನ್ಶೂರೆನ್ಸ್ ಕೆಲಸದಲ್ಲಿದ್ದವನು, ಕೆಲಸ ಹೋಯಿತು, ಮನೆ ತುಂಬ ಮಕ್ಕಳು, ನೆಲಮಾಳಿಗೆಯಲ್ಲಿ ಷೂ ರಿಪೇರಿ ಮಾಡಿ ಸಂಸಾರ ನಡೆಸ್ತಿದ್ದ. ಅದೇ ನೆಲಮಾಳಿಗೆಯಲ್ಲಿ ಈ ಆಟದ ಮೊದಲ ಪೆಟ್ಟಿಗೆಗಳನ್ನ ಕೈಯಲ್ಲೇ ಜೋಡಿಸಿದರು. 1974ರ ಮೊದಲ ಮುದ್ರಣ ಸಾವಿರ ಪ್ರತಿ, ಬೆಲೆ 10 ಡಾಲರ್, ಪೆಟ್ಟಿಗೆಯೊಳಗೆ ಮೂರು ಸಣ್ಣ ಪುಸ್ತಕ. ಬೀದಿಯಲ್ಲಿ ನಿಂತು ಫೋಟೋ ತೆಗೆಯೋಕೆ ಮುಜುಗರ ಆಯಿತು. ಎದುರು ಮನೆಯವರು ನಾಯಿ ಕರ್ಕೊಂಡು ಬಂದು ನಮ್ಮನ್ನೇ ನೋಡ್ತಿದ್ದರು. ಇಬ್ಬರು ಇಂಡಿಯನ್ನರು ಬೇರೆಯವರ ಮನೆ ಮುಂದೆ ಕೈಕಟ್ಟಿ ನಿಂತಿದ್ದರೆ ಯಾರಿಗಾದರೂ ಅನುಮಾನ ಬರುತ್ತೆ. ಅಣ್ಣ ಮೆಲ್ಲಗೆ "ನಡಿ ನಡಿ" ಅಂದ.

ಅಣ್ಣನಿಗೆ ಆಸಕ್ತಿ ಹುಟ್ಟಿದ್ದು ಕೆರೆಯಲ್ಲಿ. ದಂಡೆಯಲ್ಲಿ 1932ರಲ್ಲಿ ಕಟ್ಟಿದ ರಿವಿಯೇರಾ ಅನ್ನೋ ದೊಡ್ಡ ಕಟ್ಟಡ, ಅದರ ಮುಂದೆ ದೋಣಿಕಟ್ಟೆ. ಅಲ್ಲಿಂದ ಒಂದು ಅಂಚೆ ದೋಣಿ ಹೊರಡುತ್ತೆ, ಟಿಕೆಟ್ ತಗೊಂಡರೆ ನಾವೂ ಹೋಗಬಹುದು. ಇದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಅಣ್ಣನೇ ಎರಡು ಟಿಕೆಟ್ ತಗೊಂಡು ಬಂದ. "ನಿನ್ನ ಆಟದ ಊರು ಆಯ್ತಲ್ಲ, ಈಗ ನನ್ನದು."

ದೋಣಿಯ ಹೆಸರು ವಾಲ್‌ವರ್ತ್. ಬೇಸಿಗೆಯಲ್ಲಿ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ದಂಡೆಯ ಸುಮಾರು 75 ಮನೆಗಳಿಗೆ ದೋಣಿಯಲ್ಲೇ ಅಂಚೆ ಹಂಚ್ತಾರೆ. 1916ರಿಂದ ನಡೆದುಬಂದ ಪದ್ಧತಿ. ವಿಶೇಷ ಏನಪ್ಪಾ ಅಂದ್ರೆ ದೋಣಿ ನಿಲ್ಲೋದೇ ಇಲ್ಲ. ನಮ್ಮ ದೋಣಿಯಲ್ಲಿ ಕಾಲೇಜು ಓದೋ ವಯಸ್ಸಿನ ಒಂದು ಹುಡುಗಿ. ಮೈಕ್ ಹಿಡಿದು ಬಂಗಲೆಗಳ ಇತಿಹಾಸ ಹೇಳ್ತಾ ಇರ್ತಾಳೆ. ಒಂದು ಮನೆಯ ಕಟ್ಟೆ ಹತ್ತಿರ ಬಂದ ಕೂಡಲೇ ಮೈಕ್ ಇಟ್ಟು, ಕಾಗದಗಳ ಕಟ್ಟು ಹಿಡಿದು, ಓಡ್ತಿರೋ ದೋಣಿಯಿಂದ ಕಟ್ಟೆಗೆ ಹಾರ್ತಾಳೆ. ಮರದ ಹಲಗೆಯ ಮೇಲೆ ಧಡಧಡ ಓಡಿ, ಡಬ್ಬಿ ತೆಗೆದು ಹೊಸ ಕಾಗದ ತುರುಕಿ, ಅವರು ಕಳಿಸಬೇಕಾದ್ದು ಇದ್ದರೆ ಎತ್ತಿಕೊಂಡು, ಅಷ್ಟರಲ್ಲಿ ಕಟ್ಟೆ ದಾಟಿ ಹೋಗ್ತಿರೋ ದೋಣಿಯ ಹಿಂಭಾಗಕ್ಕೆ ಮತ್ತೆ ಹಾರ್ತಾಳೆ. ಒಂದು ಕ್ಷಣ ತಡ ಆದರೆ ನೀರಿಗೆ. ಹಾಗೆ ಬಿದ್ದವರೂ ಇದ್ದಾರಂತೆ. ವಾಪಸ್ ಬಂದು ಮೈಕ್ ಎತ್ತಿ, ಏನೂ ಆಗದವಳ ಹಾಗೆ, ಬಿಟ್ಟಲ್ಲಿಂದಲೇ ಮುಂದಿನ ವಾಕ್ಯ.

ಮೊದಲ ನಾಲ್ಕು ಮನೆಗೆ ನಾನು ವಿಡಿಯೋ ಮಾಡಿದೆ. ಆಮೇಲೆ ಫೋನ್ ಕೆಳಗಿಟ್ಟು ಬರೀ ನೋಡ್ತಾ ಕೂತೆ. ಯಾವ ಮನೆಯವರೂ ಹೊರಗೆ ಬಂದು ಕಾಯ್ತಿರಲಿಲ್ಲ. ಕಾಗದ ಡಬ್ಬಿಯಲ್ಲಿರುತ್ತೆ, ಅವರಿಗೆ ಪುರುಸೊತ್ತಾದಾಗ ಬಂದು ತಗೊಳ್ತಾರೆ, ಉತ್ತರ ಬರೆದು ಇಟ್ಟರೆ ನಾಳೆ ದೋಣಿ ಬಂದಾಗ ಹೋಗುತ್ತೆ.

ವಿಲಿಯಮ್ಸ್ ಬೇ ಅನ್ನೋ ಊರಿನ ಹತ್ತಿರ ಬಂದಾಗ ಯರ್ಕ್ಸ್ ವೀಕ್ಷಣಾಲಯದ ಮಾತು ಬಂತು. 1897ರದ್ದು, ನಲವತ್ತು ಇಂಚಿನ ಮಸೂರದ ದೂರದರ್ಶಕ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ 1937ರಲ್ಲಿ ಬಂದು ಕೆಲಸ ಮಾಡಿದ್ದು ಇಲ್ಲೇ ಅಂತ ಅಣ್ಣ ಪಕ್ಕದಲ್ಲಿ ಕೂತಿದ್ದ ಅಜ್ಜ-ಅಜ್ಜಿಗೆಲ್ಲ ಹೇಳಿಬಿಟ್ಟ. ಅವರು ಪಾಪ ತಲೆ ಆಡಿಸಿದರು.

ನನ್ನ ತಲೆ ಬೇರೆ ಕಡೆ ಇತ್ತು. ಈ ಆಟದ ಬಗ್ಗೆ ಓದಿದ್ದು ನೆನಪಾಗ್ತಿತ್ತು. ಗೈಗ್ಯಾಕ್ಸ್ ಒಬ್ಬನೇ ಇದನ್ನ ಮಾಡಿದ್ದಲ್ಲ. ಡೇವ್ ಆರ್ನೆಸನ್ ಅಂತ ಇನ್ನೊಬ್ಬ, ಇದ್ದಿದ್ದು ಮಿನೆಸೋಟಾದಲ್ಲಿ, ಇಲ್ಲಿಂದ ಐನೂರು ಕಿಲೋಮೀಟರ್‌ಗೂ ಹೆಚ್ಚು ದೂರ. ಒಬ್ಬ ಆಟಗಾರ ಒಂದೇ ಪಾತ್ರವನ್ನ ಹಿಡಿದು, ಅದನ್ನ ವಾರದಿಂದ ವಾರಕ್ಕೆ ಬೆಳೆಸೋ ಪದ್ಧತಿಯನ್ನ ಬ್ಲ್ಯಾಕ್‌ಮೂರ್ ಅನ್ನೋ ಆಟದಲ್ಲಿ ನಡೆಸ್ತಿದ್ದವನು ಅವನು. 1972ರ ಕೊನೆಯಲ್ಲಿ ಲೇಕ್ ಜಿನೀವಾಕ್ಕೆ ಬಂದು ಗೈಗ್ಯಾಕ್ಸ್ ಮನೆಯಲ್ಲಿ ಆಡಿ ತೋರಿಸಿದ. ವಾಪಸ್ ಹೋದ. ಆಮೇಲೆಲ್ಲ ಟಪಾಲು ಮತ್ತು ಟ್ರಂಕ್ ಕಾಲ್. ಅವನು ತನ್ನ ಟಿಪ್ಪಣಿಗಳನ್ನ ಬರೆದು ಕಳಿಸಿದ, ಇವನು ಟೈಪ್ ಹೊಡೆದು ನಿಯಮ ಮಾಡಿದ. ಅದಕ್ಕೂ ಮುಂಚಿನಿಂದಲೇ ಇವರಂಥವರು ಡಿಪ್ಲೊಮಸಿ ಅನ್ನೋ ಆಟವನ್ನ ಅಂಚೆಯಲ್ಲೇ ಆಡ್ತಿದ್ದರು. ಒಂದು ನಡೆ ಬರೆದು ಕವರಿಗೆ ಹಾಕೋದು, ಉತ್ತರಕ್ಕೆ ವಾರಗಟ್ಟಲೆ ಕಾಯೋದು. ಒಂದು ಆಟ ಮುಗಿಯೋಕೆ ತಿಂಗಳುಗಳು.

ಎಲ್ಲರೂ ಒಂದೇ ಹೊತ್ತಿಗೆ ಹೆಡ್‌ಫೋನ್ ಹಾಕಿ ಕೂರಲೇಬೇಕು ಅಂತ ನಿಯಮ ಮಾಡಿದ್ದು ಯಾರು? ನಾನೇ. ಬೆಂಗಳೂರಿನ ರೂಮಿನ ಬೆಡ್‌ಶೀಟನ್ನ ಹಾಗೇ ಎತ್ತಿ ಇಂಟರ್‌ನೆಟ್‌ನಲ್ಲಿ ಹಾಸಿದ್ದೆ. ಶನಿವಾರ ಒಂಬತ್ತು ಗಂಟೆ ಅನ್ನೋದು ಬೊಮ್ಮನ ಮನೆಯಲ್ಲಿ ಅಪ್ಪನಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಾಯಿಸಿ, ಮಾತ್ರೆ ಕೊಡೋ ಹೊತ್ತು. ಮೂರು ವರ್ಷ ಅವನು ಅದನ್ನ ಹೇಗೆ ಹೊಂದಿಸಿಕೊಂಡ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. "ಬೊಮ್ಮನ ನೆಟ್ವರ್ಕ್" ಅಂತ ತಮಾಷೆ ಮಾಡ್ತಿದ್ವಿ, ಅಷ್ಟೇ.

ದೋಣಿ ಇಳಿದಾಗ ಹನ್ನೆರಡೂವರೆ. ಊರಲ್ಲಿ ರಾತ್ರಿ ಹನ್ನೊಂದು. ಫೋನ್ ಮಾಡೋ ಹೊತ್ತಲ್ಲ. ರಿವಿಯೇರಾ ಮುಂದೆ ನೆಲಕ್ಕೆ ಹಾಸಿದ ಹೆಸರಿನ ಇಟ್ಟಿಗೆಗಳಿವೆ, ಅದರಲ್ಲಿ ಗೈಗ್ಯಾಕ್ಸ್ ನೆನಪಿನದ್ದೂ ಒಂದು. 2008ರಲ್ಲಿ ತೀರಿಕೊಂಡ. ಯಾರೋ ಅದರ ಮೇಲೆ ಒಂದು ನೀಲಿ ದಾಳ ಇಟ್ಟು ಹೋಗಿದ್ದರು. ಪಕ್ಕದ ಬೆಂಚಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಅಣ್ಣ ತಿಂದು, ಕೆರೆ ಸುತ್ತಲಿನ ಕಾಲುದಾರಿಯಲ್ಲಿ ಸ್ವಲ್ಪ ನಡೆದು ಬರ್ತೀನಿ ಅಂತ ಹೋದ. ಅದೊಂದು ಮಜಾ ದಾರಿ. 34 ಕಿಲೋಮೀಟರ್ ಉದ್ದ, ಕೋಟ್ಯಧಿಪತಿಗಳ ಅಂಗಳದ ಮೂಲಕವೇ ಹಾದುಹೋಗುತ್ತೆ, ಯಾರು ಬೇಕಾದರೂ ನಡೆಯಬಹುದು. ಮೂಲದಲ್ಲಿ ಅದು ಪೊಟವಾಟಮಿ ಜನರ ಕಾಲುದಾರಿ. ತಂತಮ್ಮ ಅಂಗಳದ ತುಂಡನ್ನ ಆಯಾ ಮನೆಯವರೇ ನೋಡಿಕೊಳ್ಳೋದರಿಂದ ಒಂದು ಕಡೆ ಇಟ್ಟಿಗೆ, ಮುಂದೆ ಕಲ್ಲು, ಇನ್ನೊಂದು ಕಡೆ ಬರೀ ಹುಲ್ಲು.

ನಾನು ಬೆಂಚಿನಲ್ಲೇ ಕೂತು ಬೊಮ್ಮನಿಗೆ ಬರೆದೆ. ಚಾಟ್ ಮಾಡಿದ ಹಾಗಲ್ಲ, ಕಾಗದ ಬರೆದ ಹಾಗೆ. ಅಪ್ಪ ಬಿದ್ದಿದ್ದು ಕೆಂಚಿ ಹೇಳಿದಳು, ಐದು ವಾರದಿಂದ ನನಗೆ ಮುಖ ಇರಲಿಲ್ಲ, ಆ ಮೂರು ದಾಳ ನಾನು ಮುಟ್ಟಬಾರದಿತ್ತು, ನೆಟ್ವರ್ಕ್ ಅಂತ ಅಂದುಕೊಂಡು ನಿನ್ನ ಪರವಾಗಿ ಎಲ್ಲ ನಾನೇ ತೀರ್ಮಾನ ಮಾಡಿಬಿಟ್ಟೆ ಅಂತ. ಸ್ವಾಮಿಗಳ ಹತ್ತಿರ ಸತ್ತವರನ್ನ ಎಬ್ಬಿಸೋ ಮಂತ್ರ ಇದೆ, ಅದಕ್ಕೆ 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಅದನ್ನ ಕೆಂಚಿ ಕದ್ದು ತರೋಕೆ ರೆಡಿ ಇದಾಳೆ ಅಂತಲೂ ಬರೆದೆ. ಕೊನೆಗೆ ಅಂಚೆ ದೋಣಿಯ ಆ ಹುಡುಗಿಯ ವಿಡಿಯೋ ಹಾಕಿ, ಇನ್ನು ಮೇಲೆ ಹೀಗೆ ಆಡಿದರೆ ಹೇಗೆ, ನಿನಗೆ ಪುರುಸೊತ್ತಾದಾಗ ಡಬ್ಬಿ ತೆಗೆದು ನೋಡು ಅಂದೆ. ಕಳಿಸಿದೆ. ಒಂದು ಟಿಕ್.

ವಾಪಸ್ ಬರುವಾಗ ಅಣ್ಣ ಕೇಳಿದ, "ಯಾರಿಗೋ ಅಷ್ಟುದ್ದ ಬರೀತಿದ್ದೆ?" ಹೇಳಿದೆ. ಅವನು ಸ್ವಲ್ಪ ದೂರ ಸುಮ್ಮನೆ ಓಡಿಸಿದ. ಆಮೇಲೆ, "ದೊಡ್ಡಪ್ಪನಿಗೆ ನಾನೂ ಒಂದು ಫೋನ್ ಮಾಡಬೇಕು ಕಣೋ, ತಿಂಗಳಾಯ್ತು" ಅಂದ. ದೊಡ್ಡಪ್ಪ ಅಂದರೆ ಅವನ ಬಾಯಲ್ಲಿ ನಮ್ಮಪ್ಪ ಅಲ್ಲ, ಇನ್ನೊಬ್ಬರು, ತೀರ್ಥಹಳ್ಳಿಯಲ್ಲಿದ್ದಾರೆ. ಆ ಕತೆ ಬೇರೆ.

ಉತ್ತರ ಬಂದಿದ್ದು ನಮಗೆ ರಾತ್ರಿ ಒಂಬತ್ತರ ಮೇಲೆ. ಊರಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ. ಹಾಲಿನ ಡೈರಿ ಹತ್ತಿರ ಸಿಗ್ನಲ್ ಸಿಗುತ್ತೆ ಅವನಿಗೆ. ನನ್ನದು ಒಂದು ಪುಟ, ಅವನದು ನಾಲ್ಕು ಸಾಲು.

"ಅಪ್ಪ ಈಗ ಅಡ್ಡಿಲ್ಲೆ. ಸಿಟ್ಟು ಬಂದಿದ್ದು ಹೌದು. ಬೊಮ್ಮ ಸತ್ತಿದ್ದು ಸತ್ತಿದ್ದೇ, ವಜ್ರ ಗಿಜ್ರ ಬೇಡ, ಮೋಸ ಆಗ್ತು. ಆ ಹಾರೋ ಹುಡುಗಿ ಭಾರಿ ಇದ್ದು ಮಾರಾಯ, ಹಾಲು ಹಾಕೋಕೆ ಬಂದವರೆಲ್ಲ ನೋಡಿದ್ರು. ನಂಗೆ ಅಂಚೆಯವನ ಪಾತ್ರ ಕೊಡ್ತ್ಯಾ?"

ಕೊಡದೆ ಏನು. ನಮ್ಮಲ್ಲಿ ಅಂಚೆಗೆ ಬರವೇ? ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲೇ ಅಂಚೆ ವ್ಯವಸ್ಥೆ ಶುರು ಮಾಡಿದ್ದರು ಅಂತ ಶಾಲೆಯಲ್ಲಿ ಓದಿದ್ದೆವಲ್ಲ. ಅವನ ಹೊಸ ಪಾತ್ರ ಗೆಜ್ಜೆ ಕಟ್ಟಿದ ಈಟಿ ಹಿಡಿದು ಘಟ್ಟದ ದಾರಿಯಲ್ಲಿ ಓಡೋ ಅಂಚೆಯಾಳು. ಬೊಮ್ಮನ ತಮ್ಮ. ಹೆಸರು ತಿಮ್ಮ.

ಈಗ ನಾವು ಆಡೋ ರೀತಿ ಬದಲಾಗಿದೆ. ಇಂಥದ್ದೇ ಗುಂಪು ಕಟ್ಟಿಕೊಂಡವರು, ಕಟ್ಟಬೇಕು ಅಂತಿರೋರು ಇದ್ದರೆ ಉಪಯೋಗಕ್ಕೆ ಬರಲಿ ಅಂತ ಹೇಳ್ತೀನಿ. ಡಿಸ್ಕಾರ್ಡ್‌ನಲ್ಲಿ ಅಂಚೆಪೆಟ್ಟಿಗೆ ಅಂತ ಒಂದು ಚಾನೆಲ್. ನಾನು ಅಲ್ಲಿ ಸನ್ನಿವೇಶ ಬರೀತೀನಿ. ಎರಡು ದಿನದೊಳಗೆ ಯಾವಾಗ ಬೇಕಾದರೂ ಅವರವರ ನಡೆ ಬರೆಯಬಹುದು. ದಾಳಕ್ಕೆ ಒಂದು ಬಾಟ್ ಇದೆ, ಕೇಳಿದ ಕೂಡಲೇ ಉರುಳಿಸಿ ಎಲ್ಲರಿಗೂ ಕಾಣೋ ಹಾಗೆ ಅಂಕಿ ಹಾಕುತ್ತೆ. ಬರೆಯೋ ಆಟಕ್ಕೆ ಡೇಟಾ ಏನೇನೂ ಬೇಡ, ಎರಡು ಕಡ್ಡಿ ಸಿಗ್ನಲ್ ಸಾಕು. ಇನ್ನೊಂದು ಮುಖ್ಯ: ಪ್ರತಿಯೊಬ್ಬರೂ ತಾವಿಲ್ಲದಾಗ ತಮ್ಮ ಪಾತ್ರ ಏನು ಮಾಡುತ್ತೆ ಅಂತ ಮೊದಲೇ ಮೂರು ಸಾಲು ಬರೆದು ಪಿನ್ ಮಾಡಿಟ್ಟಿದ್ದಾರೆ. ಯಾರಾದರೂ ಬರದಿದ್ದರೆ ಅದನ್ನೇ ಪಾಲಿಸಬೇಕು, ನಾನು ಸ್ವಂತ ಬುದ್ಧಿ ಉಪಯೋಗಿಸೋ ಹಾಗಿಲ್ಲ. ಕೆಂಚಿಯದು: "ಕತ್ತಲಲ್ಲಿ ಅಡಗಿ ಕೂರ್ತಾಳೆ, ಸಿಕ್ಕಿದ್ದನ್ನ ಕದೀತಾಳೆ." ಮಾಯಣ್ಣನದು: "ನಿದ್ದಿ ಹೊಡಿತಾನ." ಹೆಡ್‌ಫೋನ್ ಹಾಕಿ ಎಲ್ಲರೂ ಸೇರೋದು ತಿಂಗಳಿಗೆ ಒಂದು ಸಲ, ಅದೂ ಭಾನುವಾರ ಮಧ್ಯಾಹ್ನ ಎರಡಕ್ಕೆ, ಬೊಮ್ಮನ ಅಪ್ಪ ಊಟ ಮಾಡಿ ಮಲಗೋ ಹೊತ್ತು. ಆಗ ಮಾತ್ರ ರೋಲ್20, ನಕ್ಷೆ, ಕಾಳಗ.

ಕಷ್ಟವೂ ಇದೆ. ಕತೆ ಬಸವನ ಹುಳುವಿನ ಹಾಗೆ ಹೋಗುತ್ತೆ. ಒಂದು ಬಾಗಿಲು ತೆಗೆಯೋಕೆ ಒಂಬತ್ತು ದಿನ ತಗೊಂಡಿದೀವಿ. ಮಾಯಣ್ಣನಿಗೆ ಇದು ಅಷ್ಟಾಗಿ ಹಿಡಿಸಿಲ್ಲ, "ಆಟ ಅಲ್ಲಲೇ ಇದು, ಧಾರಾವಾಹಿ" ಅಂತಾನೆ. ಅವನ ಮಾತಲ್ಲೂ ಸತ್ಯ ಇದೆ. ಒಟ್ಟಿಗೆ ಕೂತು ದಾಳ ಉರುಳಿಸುವಾಗ ಬರೋ ಕೂಗಾಟ ಬರವಣಿಗೆಯಲ್ಲಿ ಬರಲ್ಲ. ಆದರೆ ಬೊಮ್ಮ ಇಷ್ಟು ಚೆನ್ನಾಗಿ ಬರೀತಾನೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಾತಾಡುವಾಗ ಅವನದು "ಕತ್ತಿ ಬೀಸ್ತೆ" ಅಷ್ಟೇ ಇತ್ತು. ಈಗ ಡೈರಿ ಕಟ್ಟೆಯಿಂದ ಬೆಳಿಗ್ಗೆ ಬರೋ ಅವನ ನಡೆಯಲ್ಲಿ ತೋಟದ ಹೊಂಡ, ಸಂಕ, ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ವಾಸನೆ ಎಲ್ಲ ಇರುತ್ತೆ. ಮುನ್ನೂರು ವರ್ಷದ ಹಿಂದೆ ಆ ದ್ರಾವಣ ಎಲ್ಲಿತ್ತು ಅಂತ ಸ್ವಾಮಿಗಳು ಮ್ಯೂನಿಕ್‌ನಿಂದ ತಕರಾರು ತೆಗೆದರು. ಇತ್ತು ಅಂತ ನಾನು ತೀರ್ಪು ಕೊಟ್ಟೆ.

ತಿಮ್ಮ ಪಿನ್ ಮಾಡಿಟ್ಟ ಮೂರು ಸಾಲು ಇದು: "ನಾನು ಇಲ್ಲದಿದ್ರೆ ತಿಮ್ಮ ಬಾಗಿಲಲ್ಲಿ ನಿಲ್ಲೋದಿಲ್ಲೆ. ಟಪಾಲು ಚೀಲ ಹಿಡಿದು ಓಡ್ತಾ. ಹೊತ್ತಾದ ಮೇಲೆ ವಾಪಸ್ ಬತ್ತಾ."

ನಿನ್ನೆ ಬೆಳಿಗ್ಗೆ ಅವನ ನಡೆ ಬರಲಿಲ್ಲ. ಎರಡು ದಿನ ಆಗೋಕೆ ಇನ್ನೂ ಹೊತ್ತಿತ್ತು. ಆದರೂ ಈ ಸಲ ಫೋನ್ ಮಾಡಿದೆ. ಮೂರನೇ ರಿಂಗಿಗೆ ಎತ್ತಿದ. ಹಿಂದೆ ಅಡಿಕೆ ಸುಲಿಯೋ ಸದ್ದು, ಯಾರೋ ಹೆಂಗಸರು ನಗ್ತಿದ್ದರು. "ಕೊಯ್ಲು ಮಾರಾಯ, ಪುರುಸೊತ್ತಿಲ್ಲೆ. ತಿಮ್ಮಂಗೆ ಓಡ್ಲಿಕ್ಕೆ ಹೇಳು, ನಾನು ನಾಳೆ ಬರೀತೆ" ಅಂದ. ಆಮೇಲೆ ಫೋನನ್ನ ಅಪ್ಪನ ಕಿವಿಗೆ ಹಿಡಿದ ಅಂತ ಕಾಣುತ್ತೆ. ಅವರ ಮಾತು ಇನ್ನೂ ಪೂರ್ತಿ ಸ್ಪಷ್ಟ ಇಲ್ಲ. ಊಟ ಆಯ್ತಾ ಅಂತ ಕೇಳಿದರು. ಆಯ್ತು ಅಂದೆ.